ಬೇಲಿಯೊಳಗಿನ ಊರು: ಮೂಲ ಸ್ಲಾವಿಕ್ ಭಾಷೆಯ ಒಂದು ಪದದ ಹಿಂದುಮುಂದು

ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಒಂದೇ ಒಂದು ಪದವನ್ನು. ರಷ್ಯನ್, ಪೋಲಿಷ್, ಜೆಕ್, ಸರ್ಬಿಯನ್ ಮುಂತಾದ ಸ್ಲಾವಿಕ್ ಭಾಷೆಗಳೆಲ್ಲಕ್ಕೂ ತಾಯಿಯಾದ ಮೂಲ ಸ್ಲಾವಿಕ್ ಭಾಷೆಯ ಪದ ಅದು. ಅದನ್ನು ಆಡುತ್ತಿದ್ದ ಜನರಿಗೆ ಲಿಪಿ ಇರಲಿಲ್ಲವಾದ್ದರಿಂದ ಅದು ಯಾವ ಶಾಸನದಲ್ಲೂ ಯಾವ ಹಸ್ತಪ್ರತಿಯಲ್ಲೂ ಆ ರೂಪದಲ್ಲಿ ಉಳಿದು ಬಂದಿಲ್ಲ. ಆದರೂ ಅದರ ಉಚ್ಚಾರಣೆ ಹೇಗಿತ್ತು, ಅದರ ಅರ್ಥ ಏನಿತ್ತು ಎಂಬುದನ್ನು ಸಾಕಷ್ಟು ಭರವಸೆಯಿಂದ ಹೇಳಲು ಸಾಧ್ಯವಾಗಿದೆ. ಕನ್ನಡ ಲಿಪಿಯಲ್ಲಿ ಆ ಪದವನ್ನು *ಗೊರ್ದು ಎಂದು ಬರೆಯುತ್ತೇನೆ. ಕೊನೆಯ ಉಕಾರ ತೀರ ಹ್ರಸ್ವವಾದುದು, ಮುಂದೆ ಎಲ್ಲ ಸ್ಲಾವಿಕ್ ಭಾಷೆಗಳಲ್ಲೂ ಬಿದ್ದುಹೋದದ್ದು. ಪದದ ಮುಂದೆ ಇಟ್ಟಿರುವ ನಕ್ಷತ್ರ ಚಿಹ್ನೆ ಭಾಷಾವಿಜ್ಞಾನಿಗಳ ಒಂದು ಒಪ್ಪಂದ: ಈ ರೂಪ ಬರಹದಲ್ಲಿ ಸಿಕ್ಕಿದ್ದಲ್ಲ, ಮಗಳುಭಾಷೆಗಳ ರೂಪಗಳನ್ನು ಹೋಲಿಸಿ ಪುನಾರಚಿಸಿದ್ದು ಎಂಬುದನ್ನು ಅದು ಸೂಚಿಸುತ್ತದೆ.

ಪುನಾರಚನೆ ಎಂದರೆ ಊಹೆ ಎಂಬ ಭಾವನೆ ಹಲವರಲ್ಲಿದೆ. ಕನ್ನಡಿಗರಿಗೆ ಈ ವಿಧಾನ ಪರಕೀಯವೇನಲ್ಲ. ತಮಿಳಿನ ಪಾಲ್, ಪಲ್, ಪುಲಿ ಎಂಬ ಪದಗಳಿಗೆ ಎದುರಾಗಿ ನಮ್ಮಲ್ಲಿ ಹಾಲು, ಹಲ್ಲು, ಹುಲಿ ಇವೆ. ಹಳಗನ್ನಡದಲ್ಲಿ ಇವೇ ಪಾಲ್, ಪಲ್, ಪುಲಿ ಆಗಿದ್ದವು. ಪದಾದಿಯ ಪಕಾರ ಹಕಾರವಾದದ್ದು ಒಂದೆರಡು ಪದಗಳಲ್ಲಿ ಆಕಸ್ಮಿಕವಾಗಿ ಅಲ್ಲ, ಸಾಲು ಸಾಲಾಗಿ ನಿಯಮಬದ್ಧವಾಗಿ. ಈ ನಿಯಮಬದ್ಧತೆಯೇ ತೌಲನಿಕ ವಿಧಾನದ ಜೀವಾಳ. ಹಳಗನ್ನಡದ ಬರಹ ನಮಗೆ ಸಿಗದೇ ಹೋಗಿದ್ದರೂ ತಮಿಳು, ಮಲಯಾಳ, ತುಳುಗಳನ್ನು ಪಕ್ಕದಲ್ಲಿಟ್ಟುಕೊಂಡು ಆ ಪಕಾರವನ್ನು ನಾವು ಕಂಡುಕೊಳ್ಳುತ್ತಿದ್ದೆವು. *ಗೊರ್ದು ಸಿಕ್ಕಿರುವುದೂ ಇದೇ ದಾರಿಯಿಂದ.

ಸಾಕ್ಷ್ಯ ಹೀಗಿದೆ. ರಷ್ಯನ್ನಿನಲ್ಲಿ ‘ಗೊರೊದ್’ ಎಂದರೆ ನಗರ. ಬೆಲರೂಸಿಯನ್ನಿನಲ್ಲಿ ‘ಹೊರದ್’, ಅದೂ ನಗರವೇ. ಬಲ್ಗೇರಿಯನ್, ಸರ್ಬಿಯನ್, ಕ್ರೊಯೇಷಿಯನ್ ಭಾಷೆಗಳಲ್ಲಿ ‘ಗ್ರಾದ್’ ಎಂದರೆ ನಗರ, ಆದರೆ ಅವುಗಳ ನೆರೆಯ ಸ್ಲೊವೀನ್ ಭಾಷೆಯಲ್ಲಿ ‘ಗ್ರಾದ್’ ಎಂದರೆ ಕೋಟೆ. ಜೆಕ್ ಮತ್ತು ಸ್ಲೊವಾಕ್ ಭಾಷೆಗಳಲ್ಲಿ ‘ಹ್ರದ್’ ಎಂದರೂ ಕೋಟೆ. ಪ್ರಾಗ್ ನಗರದ ಗುಡ್ಡದ ಮೇಲಿರುವ ಪ್ರಸಿದ್ಧ ಅರಮನೆ ಸಮುಚ್ಚಯವನ್ನು ಅಲ್ಲಿಯವರು ಕರೆಯುವುದು ಈ ಪದದಿಂದಲೇ. ಪೋಲಿಷಿನ ‘ಗ್ರುದ್’ ಮಣ್ಣು-ಮರದ ಹಳೆಯ ಕಾಲದ ಕೋಟೆಯನ್ನು ಸೂಚಿಸುತ್ತದೆ. ಪ್ರಥಮಾ ವಿಭಕ್ತಿಯಲ್ಲಿ ಉಕಾರ ಕೇಳಿದರೂ ಷಷ್ಠಿಯಲ್ಲಿ ‘ಗ್ರೊದು’ ಎಂದಾಗುವುದರಿಂದ ಹಳೆಯ ಒಕಾರ ಅಲ್ಲಿ ಇನ್ನೂ ಕಣ್ಣಿಗೆ ಬೀಳುತ್ತದೆ. ಪೋಲೆಂಡಿನ ಉತ್ತರದ ಕಾಶುಬಿಯನ್ ಭಾಷೆಯಲ್ಲಿ ‘ಗಾರ್ದ್’. ಉಕ್ರೇನಿಯನ್ನಿನಲ್ಲಿ ‘ಹೊರೊದ್’ ಎಂದರೆ ಇಂದು ಮುಖ್ಯವಾಗಿ ತರಕಾರಿ ತೋಟ. ಊರ ಹೆಸರುಗಳ ಕೊನೆಯಲ್ಲಿ ಮಾತ್ರ ಅದರ ಹಳೆಯ ಅರ್ಥ ಉಳಿದಿದೆ.

ಜೆಕ್, ಸ್ಲೊವಾಕ್, ಉಕ್ರೇನಿಯನ್, ಬೆಲರೂಸಿಯನ್ ಭಾಷೆಗಳ ಹಕಾರ ಹಳೆಯ ಗಕಾರದಿಂದ ಬಂದದ್ದು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿಜವಾದ ಕುತೂಹಲ ಇರುವುದು ರಕಾರದ ಸುತ್ತ. ಒಂದೆಡೆ ‘ಗೊರೊ’, ಇನ್ನೊಂದೆಡೆ ‘ಗ್ರಾ’, ಮತ್ತೊಂದೆಡೆ ‘ಗ್ರೊ’, ಮಗದೊಂದೆಡೆ ‘ಗಾರ್’. ಮೂಲ ಸ್ಲಾವಿಕ್ ತನ್ನ ಕೊನೆಯ ಶತಮಾನಗಳಲ್ಲಿ ಪ್ರತಿ ಅಕ್ಷರವನ್ನೂ ಸ್ವರದಲ್ಲೇ ಮುಗಿಸುವ ಒಲವನ್ನು ಬೆಳೆಸಿಕೊಂಡಿತು. ‘ಗೊರ್-ದು’ ಎಂಬಲ್ಲಿ ಮೊದಲ ಅಕ್ಷರ ರಕಾರದಲ್ಲಿ ನಿಂತುಬಿಡುತ್ತದೆ. ಈ ತೊಡಕನ್ನು ಬಲ್ಗೇರಿಯನ್, ಸರ್ಬಿಯನ್ ಮುಂತಾದ ದಕ್ಷಿಣದ ಭಾಷೆಗಳವರು ಮತ್ತು ಜೆಕ್-ಸ್ಲೊವಾಕರು ಸ್ವರವನ್ನೂ ರಕಾರವನ್ನೂ ಅದಲುಬದಲು ಮಾಡಿ, ಸ್ವರವನ್ನು ದೀರ್ಘಗೊಳಿಸಿ ‘ಗ್ರಾ’ ಎಂದು ಬಗೆಹರಿಸಿಕೊಂಡರು. ಪೋಲಿಷರು ಅದಲುಬದಲು ಮಾಡಿದರೂ ಒಕಾರವನ್ನು ಉಳಿಸಿಕೊಂಡರು. ರಷ್ಯನ್ ಮುಂತಾದ ಪೂರ್ವದ ಭಾಷೆಗಳವರು ರಕಾರದ ಆಚೆಗೂ ಒಂದು ಒಕಾರವನ್ನು ಸೇರಿಸಿ ‘ಗೊರೊ’ ಎಂದರು. ಬಾಲ್ಟಿಕ್ ಸಮುದ್ರದ ದಂಡೆಯವರು ಹಳೆಯ ಕ್ರಮವನ್ನೇ ಮುಂದುವರಿಸಿದರು. ಈ ವರ್ಣಪಲ್ಲಟಕ್ಕೆ ಹತ್ತಿರವಾದ ವಿದ್ಯಮಾನ ನಮ್ಮ ಮಗ್ಗುಲಲ್ಲೇ ಇದೆ: ಕನ್ನಡದ ‘ಒರಳು’ ತೆಲುಗಿನಲ್ಲಿ ‘ರೋಲು’, ಕನ್ನಡದ ‘ಎರಡು’ ತೆಲುಗಿನಲ್ಲಿ ‘ರೆಂಡು’.

ಈ ಬದಲಾವಣೆ ಯಾವಾಗ ನಡೆಯಿತು ಎಂಬ ಪ್ರಶ್ನೆಗೆ ಸಿಗುವ ಉತ್ತರ ನನಗೆ ಈ ಇಡೀ ಶಾಸ್ತ್ರದಲ್ಲೇ ಅತ್ಯಂತ ಸೊಗಸಾದದ್ದು ಎನಿಸುತ್ತದೆ. ಸ್ಲಾವಿಕ್ ಭಾಷೆಗಳಲ್ಲಿ ರಾಜ ಎಂಬ ಅರ್ಥದ ಪದ ರಷ್ಯನ್ನಿನಲ್ಲಿ ‘ಕೊರೋಲ್’, ಪೋಲಿಷಿನಲ್ಲಿ ‘ಕ್ರುಲ್’, ಜೆಕ್‌ನಲ್ಲಿ ‘ಕ್ರಾಲ್’. ಇದು 814ರಲ್ಲಿ ತೀರಿಕೊಂಡ ಫ್ರಾಂಕ್ ದೊರೆ ಶಾರ್ಲಮೇನನ ಹೆಸರಾದ ‘ಕಾರ್ಲ್’ನಿಂದ ಬಂದದ್ದೆಂಬುದು ಬಹುಮಟ್ಟಿಗೆ ಎಲ್ಲರೂ ಒಪ್ಪುವ ವಿವರಣೆ. ಅವನ ಹೆಸರು ಸ್ಲಾವಿಕರ ಬಾಯಿಗೆ ಬಂದ ಮೇಲೆ ಅದಕ್ಕೂ ಮೂರು ಕಡೆ ಮೂರು ಬಗೆಯ ಸಂಸ್ಕಾರವಾಗಿದೆ ಎಂದರೆ, ರಕಾರದ ಈ ಪಲ್ಲಟ ಆಗ ಇನ್ನೂ ಜೀವಂತವಾಗಿತ್ತು ಎಂದಾಯಿತು. ಇದಕ್ಕಿಂತ ಹಿಂದಿನ ಹಂತದ ಸಾಕ್ಷ್ಯ ಗ್ರೀಸಿನಲ್ಲಿದೆ. ಆರು ಮತ್ತು ಏಳನೆಯ ಶತಮಾನಗಳಲ್ಲಿ ಸ್ಲಾವಿಕರು ಅಲ್ಲಿಗೆ ಇಳಿದು ನೆಲೆಸಿದರು. ಮುಂದೆ ಅವರ ಭಾಷೆ ಗ್ರೀಕಿನಲ್ಲಿ ಕರಗಿತು. ಥೆಸಲಿಯಲ್ಲೂ ಎಪೈರಸ್ಸಿನಲ್ಲೂ ‘ಗಾರ್ದಿಕಿ’ ಎಂಬ ಊರ ಹೆಸರುಗಳು ಮಾತ್ರ ಉಳಿದವು. ‘ಚಿಕ್ಕ ಕೋಟೆ’ ಎಂಬ ಅರ್ಥದ ಆ ಹೆಸರಿನಲ್ಲಿ ರಕಾರ ಇನ್ನೂ ತನ್ನ ಹಳೆಯ ಜಾಗದಲ್ಲೇ ಇದೆ. ಗ್ರೀಕರು ಹೆಸರನ್ನು ಎತ್ತಿಕೊಂಡಾಗ ಪಲ್ಲಟ ಇನ್ನೂ ಆಗಿರಲಿಲ್ಲ.

ಪಲ್ಲಟದ ನಿಯಮವನ್ನು ಒರೆಗೆ ಹಚ್ಚಲು ಇನ್ನೊಂದು ಪದ ನೆರವಾಗುತ್ತದೆ. ಆಲಿಕಲ್ಲಿಗೆ ಮೂಲ ಸ್ಲಾವಿಕ್‌ನಲ್ಲಿ *ಗ್ರಾದು ಎಂಬ ಪದವಿತ್ತು, ಸಂಸ್ಕೃತದ ‘ಹ್ರಾದುನಿ’ ಅದರ ಜ್ಞಾತಿ. ಇಲ್ಲಿ ರಕಾರ ಮೊದಲಿನಿಂದಲೂ ಗಕಾರಕ್ಕೆ ಅಂಟಿಕೊಂಡೇ ಇದ್ದುದರಿಂದ ಅದಲುಬದಲಿಗೆ ಅವಕಾಶವೇ ಇರಲಿಲ್ಲ. ಹಾಗಾಗಿ ರಷ್ಯನ್ನಿನಲ್ಲಿ ನಗರ ‘ಗೊರೊದ್’, ಆಲಿಕಲ್ಲು ‘ಗ್ರಾದ್’. ಪೋಲಿಷಿನಲ್ಲಿ ಕೋಟೆ ‘ಗ್ರುದ್’, ಆಲಿಕಲ್ಲು ‘ಗ್ರಾದ್’. ಸರ್ಬಿಯನ್ನಿನಲ್ಲಿ ಮಾತ್ರ ಎರಡೂ ‘ಗ್ರಾದ್’ ಆಗಿ, ಸ್ವರದ ಹ್ರಸ್ವ-ದೀರ್ಘ ಭೇದವೊಂದೇ ಅವನ್ನು ಬೇರ್ಪಡಿಸುತ್ತದೆ. ಯುದ್ಧದ ವರದಿಗಳಲ್ಲಿ ಓದುವ ‘ಗ್ರಾಡ್’ ರಾಕೆಟ್ಟಿನ ಹೆಸರಿಗೂ ನಗರಕ್ಕೂ ಸಂಬಂಧವಿಲ್ಲ. ಅದು ಆಲಿಕಲ್ಲು.

ಈಗ *ಗೊರ್ದುವಿನ ಹಿಂದಕ್ಕೆ ಹೋಗೋಣ. ಲಿಥುವೇನಿಯನ್ನಿನಲ್ಲಿ ‘ಗಾರ್ದಸ್’ ಎಂದರೆ ದನಕುರಿಗಳನ್ನು ಕೂಡುವ ಬೇಲಿಕಟ್ಟಿದ ಜಾಗ. ನಾಲ್ಕನೆಯ ಶತಮಾನದ ಬೈಬಲ್ ಅನುವಾದದಿಂದ ನಮಗೆ ತಿಳಿದಿರುವ ಗಾಥಿಕ್ ಭಾಷೆಯಲ್ಲಿ ‘ಗರ್ದ್ಸ್’ ಎಂದರೆ ಮನೆ. ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯಾದ ಪ್ರಾಚೀನ ನಾರ್ಸ್‌ನಲ್ಲಿ ‘ಗರ್ಥ್ರ್’ ಎಂದರೆ ಆವರಣ, ಹೊಲಮನೆ. ರಷ್ಯಾದ ಕಡೆಯ ನಾಡನ್ನು ನಾರ್ಸ್ ಜನ ‘ಗರ್ಥಾರೀಕಿ’ ಎಂದೂ, ಕಾನ್‌ಸ್ಟಾಂಟಿನೋಪಲನ್ನು ‘ಮಿಕ್ಲಗರ್ಥ್ರ್’ ಎಂದೂ ಕರೆದರು. ರೈಲ್ವೆ ಯಾರ್ಡ್ ಎನ್ನುವಾಗ ನಾವು ಬಳಸುವ ಇಂಗ್ಲಿಷ್ ‘ಯಾರ್ಡ್’ ಇದೇ ಬಳಗದ್ದು; ಬಟ್ಟೆ ಅಳೆಯುವ ‘ಯಾರ್ಡ್’ ಬೇರೆ ಮೂಲದ್ದು. ‘ಗಾರ್ಡನ್’ ಜರ್ಮಾನಿಕ್‌ನಿಂದ (ಗಾಥಿಕ್, ನಾರ್ಸ್, ಜರ್ಮನ್, ಇಂಗ್ಲಿಷ್‌ಗಳ ಬಳಗದಿಂದ) ಫ್ರೆಂಚಿಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಮರಳಿದ್ದು. ಇವೆಲ್ಲಕ್ಕೂ, ಈ ಭಾಷೆಗಳಿಗೂ ಸಂಸ್ಕೃತಕ್ಕೂ ಸಮಾನ ಪೂರ್ವಜವಾದ ಮೂಲ ಇಂಡೋ-ಯುರೋಪಿಯನ್ನಿನ *ಘೊರ್ಧೊಸ್ ಎಂಬ ರೂಪವನ್ನು ಊಹಿಸುತ್ತಾರೆ. ಸುತ್ತುಗಟ್ಟು, ಆವರಿಸು ಎಂಬುದು ಅದರ ಒಳಗಿರುವ ಧಾತುವಿನ ಅರ್ಥ.

ನಮಗೆ ಹತ್ತಿರದ ಸಂಬಂಧಿ ಎಂದರೆ ಸಂಸ್ಕೃತದ ‘ಗೃಹ’. ಗೃಹಪ್ರವೇಶ, ಗೃಹಿಣಿ, ಗೃಹಸ್ಥ ಎನ್ನುವಾಗ ನಮ್ಮ ನಾಲಿಗೆಯ ಮೇಲೆ ಬರುವುದು *ಗೊರ್ದುವಿನ ದೂರದ ದಾಯಾದಿ. ಮೇಲ್ನೋಟಕ್ಕೆ ಸಾಮ್ಯ ಕಾಣದಿದ್ದರೂ ದಾರಿ ಸ್ಪಷ್ಟವಾಗಿದೆ. ಸ್ವರ ಕ್ಷೀಣಿಸಿದ ‘ಘೃಧ’ ಎಂಬ ರೂಪದಲ್ಲಿ ಎರಡು ಮಹಾಪ್ರಾಣಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಹಾಗೆ ಬಂದಾಗ ಸಂಸ್ಕೃತ ಮೊದಲನೆಯದನ್ನು ಅಲ್ಪಪ್ರಾಣಗೊಳಿಸುತ್ತದೆ; ‘ದಧಾತಿ’, ‘ಬಭೂವ’ ಎಂಬ ಕ್ರಿಯಾರೂಪಗಳನ್ನು ಕಲಿತವರಿಗೆ ಈ ನಿಯಮ ಗೊತ್ತು. ಹೀಗೆ ‘ಗೃಧ’ ಎಂದಾಗಿ, ‘ಧಾ’ ಧಾತುವಿನಿಂದ ‘ಹಿತ’ ಹುಟ್ಟಿದ ಹಾಗೆ ಧಕಾರ ಹಕಾರಕ್ಕೆ ತಿರುಗಿ ‘ಗೃಹ’ ಎಂದಾಯಿತು. ಪಾಲಿಯ ‘ಘರ’, ಹಿಂದಿಯ ‘ಘರ್’ ಅದರ ಮುಂದಿನ ರೂಪಗಳು. ಬಾಲ್ಟಿಕ್ ಮತ್ತು ಸ್ಲಾವಿಕ್ ಭಾಷೆಗಳು ಎಲ್ಲ ಘೋಷ ಮಹಾಪ್ರಾಣಗಳನ್ನೂ ಅಲ್ಪಪ್ರಾಣವಾಗಿಸಿದ್ದರಿಂದ ಘಕಾರ ಗಕಾರವಾಗಿ, ಧಕಾರ ದಕಾರವಾಗಿ ಉಳಿಯಿತು. ಚಂಡೀಗಢ, ಅಲಿಗಢಗಳ ‘ಗಢ’ವೂ ಇದೇ ಇರಬಹುದೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅರ್ಥವೂ ಕೋಟೆ, ಧ್ವನಿಯೂ ಹತ್ತಿರ. ಆದರೆ ಈಗ ಹೇಳಿದ ನಿಯಮಗಳು ಭಾರತದಲ್ಲಿ ನಮ್ಮನ್ನು ಮುಟ್ಟಿಸುವುದು ‘ಗೃಹ’ಕ್ಕೆ ಮತ್ತು ‘ಘರ್’ಗೆ, ‘ಗಢ’ಕ್ಕೆ ಅಲ್ಲ. ಕಿವಿಗೆ ಕೇಳುವ ಹೋಲಿಕೆಯನ್ನು ನಂಬಿ ನಿಯಮವನ್ನು ಬಿಟ್ಟರೆ ಈ ಶಾಸ್ತ್ರದಲ್ಲಿ ನಿಲ್ಲಲು ನೆಲವೇ ಇರುವುದಿಲ್ಲ.

*ಗೊರ್ದು ಜರ್ಮಾನಿಕ್‌ನಿಂದ ಬಂದ ಎರವಲು ಎಂದು ವಾದಿಸಿದವರೂ ಇದ್ದಾರೆ. ರಾಜಕೀಯ, ಯುದ್ಧ, ವ್ಯಾಪಾರಗಳಿಗೆ ಸೇರಿದ ಹಲವು ಪದಗಳನ್ನು ಸ್ಲಾವಿಕರು ಜರ್ಮಾನಿಕ್ ನೆರೆಯವರಿಂದ ಪಡೆದದ್ದು ನಿಜ. ಆದರೂ ಲಿಥುವೇನಿಯನ್ನಿನ ‘ಗಾರ್ದಸ್’ ಪಕ್ಕದಲ್ಲೇ ಇರುವಾಗ, ಅದೇ ಧಾತುವಿನಿಂದ ಬೇಲಿ ಹಾಕು ಎಂಬ ಕ್ರಿಯಾಪದವೂ ಬೇಲಿಗೆ, ಅಡ್ಡಗೋಡೆಗೆ ಹೆಸರುಗಳೂ ಸ್ಲಾವಿಕ್‌ನಲ್ಲಿ ಹೇರಳವಾಗಿರುವಾಗ, ಇದು ಮನೆಯದೇ ಪದ ಎಂಬ ಬಹುಸಂಖ್ಯಾತರ ನಿಲುವು ನನಗೂ ಸರಿ ಎನಿಸುತ್ತದೆ. ರಷ್ಯನ್ನಿನ ‘ಗೊರೊದೀತ್’ ಎಂದರೆ ಬೇಲಿ ಹಾಕುವುದು, ‘ಪೆರೆಗೊರೊದ್ಕ’ ಎಂದರೆ ಕೋಣೆಯ ನಡುವಿನ ಅಡ್ಡಗೋಡೆ, ‘ಒಗೊರೊದ್’ ಎಂದರೆ ಮನೆಯ ತರಕಾರಿ ತೋಟ. ಪೋಲಿಷಿನ ‘ಒಗ್ರುದ್’, ಜೆಕ್‌ನ ‘ಜಾಹ್ರದ’, ಬಲ್ಗೇರಿಯನ್ನಿನ ‘ಗ್ರದಿನ’ ಇವೆಲ್ಲ ತೋಟ. ಸರ್ಬಿಯನ್ನಿನ ‘ಗ್ರಾದಿತಿ’ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ ‘ಕಟ್ಟು’ ಎಂಬ ಸಾಮಾನ್ಯ ಅರ್ಥಕ್ಕೆ ಬಂದಿದೆ.

ನಗರ, ಕೋಟೆ, ತೋಟ, ದನದ ದೊಡ್ಡಿ, ಮನೆ: ಅರ್ಥಗಳು ಇಷ್ಟು ಚದುರಿರುವಾಗ ಮೂಲದಲ್ಲಿ ಯಾವುದಿತ್ತು? ಇವುಗಳಲ್ಲಿ ಯಾವುದೂ ಇರಲಿಲ್ಲ ಎಂಬುದೇ ನನ್ನ ಉತ್ತರ. ಪದ ಹೆಸರಿಸಿದ್ದು ಸುತ್ತುಗಟ್ಟನ್ನು; ಒಳಗೆ ಏನಿತ್ತೋ ಅದು ಆಯಾ ಜನರ ಬದುಕಿಗೆ ತಕ್ಕಂತೆ ಅರ್ಥವಾಯಿತು. ನಮ್ಮ ‘ಹಟ್ಟಿ’ಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಕರಾವಳಿಯಲ್ಲಿ ಹಟ್ಟಿ ಎಂದರೆ ದನದ ಕೊಟ್ಟಿಗೆ, ಚಿತ್ರದುರ್ಗದ ಸೀಮೆಯಲ್ಲಿ ಗೊಲ್ಲರ ಹಟ್ಟಿ ಎಂದರೆ ಜನ ವಾಸಿಸುವ ಊರು, ತಮಿಳುನಾಡಿನಲ್ಲಿ ಇದರದೇ ರೂಪವಾದ ‘ಪಟ್ಟಿ’ ಎಷ್ಟೋ ಊರುಗಳ ಹೆಸರಿನ ಕೊನೆಯಲ್ಲಿದೆ.

ಸ್ಲಾವಿಕರ ಸುತ್ತುಗಟ್ಟು ಹೇಗಿತ್ತು ಎಂಬುದಕ್ಕೆ ಕಣ್ಣಾರೆ ಕಂಡವನ ಮಾತಿದೆ. ಸ್ಪೇನಿನ ತೊರ್ತೋಸ ಪಟ್ಟಣದ ಯಹೂದಿ ಪ್ರವಾಸಿ ಇಬ್ರಾಹಿಂ ಇಬ್ನ್ ಯಾಕೂಬ್ ಸುಮಾರು 965ರಲ್ಲಿ ಮಧ್ಯ ಯುರೋಪಿನ ಸ್ಲಾವಿಕ್ ನಾಡುಗಳನ್ನು ಸುತ್ತಿದ. ಅವನ ಬರಹ ಅಲ್-ಬಕ್ರಿ ಎಂಬ ಅರಬ್ಬಿ ಭೂಗೋಳಕಾರನ ಗ್ರಂಥದಲ್ಲಿ ಸೇರಿ ಉಳಿದಿದೆ. ಅವನು ವಿವರಿಸುವ ಕ್ರಮ ಹೀಗೆ: ಕೋಟೆ ಕಟ್ಟಬೇಕೆಂದಾಗ ಅವರು ನೀರೂ ಪೊದೆಯೂ ದಟ್ಟವಾಗಿರುವ ಹುಲ್ಲುಗಾವಲಿಗೆ ಹೋಗುತ್ತಾರೆ, ದುಂಡಗೆ ಅಥವಾ ಚೌಕವಾಗಿ ಗೆರೆ ಹಾಕುತ್ತಾರೆ, ಸುತ್ತಲೂ ಕಂದಕ ತೋಡಿ ಅದೇ ಮಣ್ಣನ್ನು ಒಳಬದಿಗೆ ರಾಶಿ ಹಾಕಿ ಹಲಗೆ-ಗೂಟಗಳಿಂದ ಬಿಗಿಮಾಡುತ್ತ ಗೋಡೆಯನ್ನು ಬೇಕಾದಷ್ಟು ಎತ್ತರಕ್ಕೆ ಏರಿಸುತ್ತಾರೆ, ಬೇಕಾದ ಕಡೆ ಬಾಗಿಲು ಬಿಟ್ಟು ಮರದ ಸೇತುವೆಯ ಮೇಲೆ ಅದನ್ನು ಸೇರುತ್ತಾರೆ. ಜರ್ಮನಿಯ ಮೆಕ್ಲೆನ್‌ಬುರ್ಗ್ ಪ್ರಾಂತದ ಗ್ರೋಸ್ ರಾಡೆನ್‌ನಲ್ಲಿ ಉತ್ಖನನ ಮಾಡಿ ಮರುನಿರ್ಮಿಸಿರುವ ದುಂಡು ಕೋಟೆ ಈ ವಿವರಣೆಯನ್ನು ನಮ್ಮ ಕಣ್ಣೆದುರು ನಿಲ್ಲಿಸುತ್ತದೆ.

ಪೂರ್ವದ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕೀವ್‌ನಲ್ಲಿ ಸಂಕಲಿತವಾದ ವೃತ್ತಾಂತ 988ರ ಅಡಿಯಲ್ಲಿ, ದೊರೆ ವ್ಲಾದಿಮಿರನು ದೆಸ್ನಾ, ಒಸ್ತ್ಯೋರ್, ತ್ರುಬೆಜ್, ಸುಲಾ, ಸ್ತುಗ್ನಾ ನದಿಗಳ ಉದ್ದಕ್ಕೂ ‘ಗೊರೊದ್’ಗಳನ್ನು ನಿಲ್ಲಿಸಲು ತೊಡಗಿದ ಎಂದು ಹೇಳುತ್ತದೆ. ಹುಲ್ಲುಗಾವಲಿನ ಪೆಚೆನೆಗ್ ಸವಾರರ ದಾಳಿಯನ್ನು ತಡೆಯಲು ಹಾಕಿದ ಗಡಿಠಾಣ್ಯಗಳ ಸಾಲು ಅದು. ಇಂಥ ಗೊರೊದನ್ನು ನಿರ್ಮಿಸುವುದಕ್ಕೆ ಆ ಕಾಲದ ಬರಹಗಳಲ್ಲಿ ಬರುವ ಕ್ರಿಯಾಪದದ ಮೂಲಾರ್ಥ ಮರ ಕಡಿಯುವುದು. ಗೋಡೆ ಎಂದರೆ ದಿಮ್ಮಿಯ ಗೋಡೆಯೇ ಆಗಿದ್ದುದರಿಂದ ಊರನ್ನು ಕೊಡಲಿಯಿಂದಲೇ ಎಬ್ಬಿಸುತ್ತಿದ್ದರು.

ಹಾಗಾದರೆ ಪಶ್ಚಿಮದಲ್ಲಿ ಇದೇ ಪದ ‘ನಗರ’ ಎಂಬ ಅರ್ಥಕ್ಕೆ ಏಕೆ ಬರಲಿಲ್ಲ? ಇದಕ್ಕೆ ಕಾರಣ ಕಾನೂನಿನ ಇತಿಹಾಸದಲ್ಲಿದೆ. ಹದಿಮೂರನೆಯ ಶತಮಾನದಲ್ಲಿ ಪೋಲೆಂಡ್, ಬೊಹೀಮಿಯಾಗಳಲ್ಲಿ ಮ್ಯಾಗ್ಡೆಬುರ್ಗ್ ಮುಂತಾದ ಜರ್ಮನ್ ಪಟ್ಟಣಗಳ ಕಾನೂನಿನ ಮಾದರಿಯಲ್ಲಿ ಹೊಸ ಪಟ್ಟಣಗಳು ಏರ್ಪಟ್ಟವು. ಅವುಗಳಿಗೆ ತಮ್ಮದೇ ಮಾರುಕಟ್ಟೆ, ತಮ್ಮದೇ ನ್ಯಾಯಸಭೆ ಇತ್ತು. ಹಳೆಯ ಮಣ್ಣುಕೋಟೆಯ ಅಧಿಕಾರಿ ಅವುಗಳ ಒಡೆಯನಾಗಿರಲಿಲ್ಲ. ಜರ್ಮನ್ನಿನಲ್ಲಿ ‘ಸ್ಥಳ’ ಎಂಬರ್ಥದ ಪದವೇ ಪಟ್ಟಣಕ್ಕೂ ಸಲ್ಲುತ್ತಿದ್ದ ಮಾದರಿಯಲ್ಲಿ ಸ್ಲಾವಿಕರೂ ತಮ್ಮ ‘ಸ್ಥಳ’ವಾಚಕವಾದ *ಮೇಸ್ತೊ ಪದವನ್ನು ಪಟ್ಟಣಕ್ಕೆ ಬಳಸತೊಡಗಿದರು. ಪೋಲಿಷಿನ ‘ಮ್ಯಾಸ್ತೊ’, ಜೆಕ್‌ನ ‘ಮ್ಯೆಸ್ತೊ’ ಹೀಗೆ ನಗರವಾದವು. ಪೋಲಿಷಿನಿಂದ ಉಕ್ರೇನಿಯನ್ನೂ ‘ಮಿಸ್ತೊ’ವನ್ನು ಈ ಅರ್ಥದಲ್ಲಿ ಪಡೆಯಿತು. ‘ಗ್ರುದ್’, ‘ಹ್ರದ್’ಗಳ ಪಾಲಿಗೆ ಕೋಟೆ ಉಳಿಯಿತು. ರಷ್ಯಾದಲ್ಲಿ ಈ ಬಗೆಯ ಪಟ್ಟಣ-ಕಾನೂನು ಹರಡದ ಕಾರಣ ‘ಗೊರೊದ್’ಗೆ ಎದುರಾಳಿ ಹುಟ್ಟಲಿಲ್ಲ.

ರಷ್ಯನ್ನಿನಲ್ಲಿ ಈ ಪದಕ್ಕೆ ಎರಡು ಮುಖಗಳಿರುವುದನ್ನು ಸ್ವಲ್ಪ ನಿಂತು ನೋಡಬೇಕು. 863ರಲ್ಲಿ ಮೊರಾವಿಯಾಕ್ಕೆ ತೆರಳಿದ ಸಿರಿಲ್ ಮತ್ತು ಮೆಥೋಡಿಯಸ್ ಸಹೋದರರು ಧರ್ಮಗ್ರಂಥಗಳ ಅನುವಾದಕ್ಕೆ ರೂಪಿಸಿದ ಬರಹದ ಭಾಷೆ ದಕ್ಷಿಣ ಸ್ಲಾವಿಕ್ ಮೂಲದ್ದು. ಗ್ರೀಕಿನ ‘ಪೋಲಿಸ್’ಗೆ ಅದರಲ್ಲಿ ‘ಗ್ರಾದು’ ಎಂಬ ಪದವಿತ್ತು. ಕ್ರೈಸ್ತ ಧರ್ಮದ ಜೊತೆ ಆ ಭಾಷೆ ರಷ್ಯಾಕ್ಕೂ ಬಂದು, ಆಡುಮಾತಿನ ‘ಗೊರೊದ್’ನ ಪಕ್ಕದಲ್ಲಿ ಗ್ರಾಂಥಿಕವಾದ ‘ಗ್ರಾದ್’ ಕುಳಿತಿತು. ನಮ್ಮಲ್ಲಿ ತತ್ಸಮ-ತದ್ಭವಗಳ ನಡುವೆ ಇರುವಂಥ ಮರ್ಯಾದೆಯ ಅಂತರ ಇವೆರಡರ ನಡುವೆಯೂ ಬೆಳೆಯಿತು. ‘ಗೊರೊಝಾನಿನ್’ ಎಂದರೆ ಪಟ್ಟಣವಾಸಿ. ಅದೇ ಪದದ ಗ್ರಾಂಥಿಕ ರೂಪ ‘ಗ್ರಝ್ದಾನಿನ್’ ಎಂದರೆ ನಾಗರಿಕ, ಹಕ್ಕುಬಾಧ್ಯತೆಗಳುಳ್ಳ ಪ್ರಜೆ. ‘ಪೊ ಗ್ರಾದಂ ಇ ವೆಸ್ಯಂ’, ಅಂದರೆ ಪಟ್ಟಣ-ಹಳ್ಳಿಗಳಲ್ಲೆಲ್ಲ, ಎಂಬ ನುಡಿಗಟ್ಟಿನಲ್ಲಿ ಹಳ್ಳಿಯನ್ನು ಸೂಚಿಸುವ ‘ವೆಸ್’ ಸಂಸ್ಕೃತದ ‘ವಿಶ್’ಗೆ, ಆ ಮೂಲಕ ‘ವೈಶ್ಯ’ ಪದಕ್ಕೆ ಜ್ಞಾತಿ. 1914ರಲ್ಲಿ ಜರ್ಮನಿಯೊಡನೆ ಯುದ್ಧ ಶುರುವಾದಾಗ ಪೀಟರ್ಸ್‌ಬರ್ಗ್ ಎಂಬ ಜರ್ಮನ್ ಛಾಯೆಯ ಹೆಸರನ್ನು ತೆಗೆದು ಪೆಟ್ರೊಗ್ರಾಡ್ ಎಂದು ಇಟ್ಟರು. 1924ರಲ್ಲಿ ಅದು ಲೆನಿನ್‌ಗ್ರಾಡ್ ಆಯಿತು, 1991ರಲ್ಲಿ ಮೊದಲಿನ ಹೆಸರಿಗೆ ಮರಳಿತು. 1925ರ ಸ್ಟಾಲಿನ್‌ಗ್ರಾಡ್, 1946ರ ಕಲಿನಿನ್‌ಗ್ರಾಡ್, 1961ರ ವೋಲ್ಗೊಗ್ರಾಡ್‌ಗಳಲ್ಲೂ ಇರುವುದು ಮನೆಮಾತಿನ ‘ಗೊರೊದ್’ ಅಲ್ಲ, ಧರ್ಮಗ್ರಂಥಗಳ ಮೂಲಕ ಬಂದ ‘ಗ್ರಾದ್’. ಗಾಂಭೀರ್ಯ ಬೇಕೆಂದಾಗ ಭಾಷೆ ತನ್ನ ಹಳೆಯ ಬರಹದ ಕಡೆಗೇ ಕೈಚಾಚಿತು.

ಊರ ಹೆಸರುಗಳಲ್ಲಿ *ಗೊರ್ದುವಿನ ಮಕ್ಕಳು ಹೇಗೆ ಹರಡಿದ್ದಾರೆ ಎಂಬುದಕ್ಕೆ ‘ಬಿಳಿ ಕೋಟೆ’ ಎಂಬ ಒಂದೇ ಹೆಸರನ್ನು ಹಿಂಬಾಲಿಸಿದರೆ ಸಾಕು. ಸರ್ಬಿಯಾದ ರಾಜಧಾನಿ ಬೆಯೊಗ್ರಾದ್, ನಾವು ಬೆಲ್‌ಗ್ರೇಡ್ ಎನ್ನುವುದು; ಅದರ ಸ್ಲಾವಿಕ್ ಹೆಸರು ಪೋಪ್ ಎಂಟನೆಯ ಜಾನ್ 878ರಲ್ಲಿ ಬಲ್ಗೇರಿಯಾದ ದೊರೆ ಬೋರಿಸನಿಗೆ ಬರೆದ ಪತ್ರದಲ್ಲಿ ಮೊದಲು ಕಾಣುತ್ತದೆ. ರಷ್ಯಾದಲ್ಲಿ ಬೆಲ್ಗೊರೊದ್, ಉಕ್ರೇನಿನ ಕಪ್ಪು ಸಮುದ್ರದ ಬಳಿ ಬಿಲ್ಹೊರೊದ್, ಪೋಲೆಂಡಿನ ಉತ್ತರದಲ್ಲಿ ಬ್ಯಾವೊಗಾರ್ದ್, ಕ್ರೊಯೇಷಿಯಾದ ಕಡಲ ದಂಡೆಯಲ್ಲಿ ಬಿಯೊಗ್ರಾದ್. ಅಲ್ಬೇನಿಯಾದ ಬೆರಾತ್ ಕೂಡ ಇದೇ ಹೆಸರು ಸವೆದು ಉಳಿದದ್ದು. ಹೆಸರಿನ ಆಕಾರ ನೋಡಿದರೆ ಸಾಕು, ಅದನ್ನು ಇಟ್ಟವರು ಯಾವ ಕವಲಿನ ಸ್ಲಾವಿಕ್ ಆಡುತ್ತಿದ್ದರು ಎಂದು ಹೇಳಬಹುದು. ‘ಎತ್ತರದ ಕೋಟೆ’ ಪ್ರಾಗ್‌ನಲ್ಲಿ ವಿಶೆಹ್ರದ್, ಕೀವ್ ಬಳಿ ವಿಶ್‌ಹೊರೊದ್, ಬೋಸ್ನಿಯಾದಲ್ಲಿ ವಿಶೆಗ್ರಾದ್. ಹಂಗೆರಿಯನ್ ಸ್ಲಾವಿಕ್ ಭಾಷೆಯಲ್ಲದಿದ್ದರೂ ಡ್ಯಾನ್ಯೂಬ್ ತಿರುವಿನ ವಿಶೆಗ್ರಾದ್ ತನ್ನ ಸ್ಲಾವಿಕ್ ಹೆಸರನ್ನು ಬಿಟ್ಟಿಲ್ಲ. ಆಸ್ಟ್ರಿಯಾದ ಗ್ರಾಟ್ಸ್ ನಗರದ ಹೆಸರು ‘ಗ್ರಾದೆತ್ಸ್’ ಎಂಬ ‘ಚಿಕ್ಕ ಕೋಟೆ’.

ಭಾಷೆ ಅಳಿದ ಮೇಲೂ ಹೆಸರು ಉಳಿದ ಜಾಗಗಳು ನನ್ನನ್ನು ಹೆಚ್ಚು ಕಾಡುತ್ತವೆ. ಜರ್ಮನಿಯ ಹೋಲ್‌ಸ್ಟೈನ್ ಪ್ರಾಂತದ ಓಲ್ಡೆನ್‌ಬುರ್ಗ್ ಪಟ್ಟಣವನ್ನು ಸ್ಲಾವಿಕ್ ನುಡಿಯಲ್ಲಿ ‘ಸ್ತಾರಿಗಾರ್ದ್’, ಅಂದರೆ ಹಳೆಯ ಕೋಟೆ, ಎನ್ನುತ್ತಾರೆಂದು ಹನ್ನೆರಡನೆಯ ಶತಮಾನದ ಪಾದ್ರಿ ಹೆಲ್ಮೋಲ್ಡ್ ಬರೆದಿಟ್ಟಿದ್ದಾನೆ. ಆ ನುಡಿಯನ್ನು ಆಡುವವರು ಅಲ್ಲಿ ಇಂದು ಯಾರೂ ಇಲ್ಲ. ಜರ್ಮನ್ ಹೆಸರು ಅದರ ಅಕ್ಷರಶಃ ಅನುವಾದವಾಗಿ ಉಳಿದಿದೆ. ಪೋಲೆಂಡಿನ ಸ್ತಾರ್ಗಾರ್ದ್, ನೊವೊಗಾರ್ದ್‌ಗಳಲ್ಲಿ ಪೋಲಿಷಿನ ‘ಗ್ರುದ್’ ಇಲ್ಲದೆ ‘ಗಾರ್ದ್’ ಇರುವುದು ಅಲ್ಲಿ ಹಿಂದೆ ಇದ್ದ ಪೊಮೆರೇನಿಯನ್ ನುಡಿಯ ಗುರುತು.

ಕೊನೆಗೆ, ಎರವಲಿನ ವಾದ ನಿಜಕ್ಕೂ ಸಲ್ಲುವ ಒಂದು ಜಾಗವನ್ನು ಹೇಳಬೇಕು. ಗಾಥಿಕ್ ಬೈಬಲ್ಲಿನಲ್ಲಿ ದ್ರಾಕ್ಷಿತೋಟಕ್ಕೆ ‘ವೀನಗರ್ದ್ಸ್’ ಎಂಬ ಪದವಿದೆ. ಸ್ಲಾವಿಕರು ಈ ಜರ್ಮಾನಿಕ್ ಪದವನ್ನು ಪಡೆದು, ಅದರ ಎರಡನೆಯ ಅರ್ಧಕ್ಕೆ ತಮ್ಮದೇ *ಗೊರ್ದುವನ್ನು ಕೂರಿಸಿಕೊಂಡರು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸರ್ಬಿಯನ್ನಿನಲ್ಲಿ ‘ವಿನೊಗ್ರಾದ್’ ಈಗಲೂ ದ್ರಾಕ್ಷಿತೋಟವೇ, ಹಣ್ಣಿಗೆ ಬೇರೆ ಪದವಿದೆ. ಪ್ರಾಗ್ ನಗರದ ‘ವಿನೊಹ್ರದಿ’ ಬಡಾವಣೆಗೆ ಆ ಹೆಸರು ಬಂದದ್ದು ಒಮ್ಮೆ ಅಲ್ಲಿ ದ್ರಾಕ್ಷಿತೋಟಗಳಿದ್ದುದರಿಂದ. ದ್ರಾಕ್ಷಿ ಅಷ್ಟಾಗಿ ಬೆಳೆಯದ ಉತ್ತರದ ರಷ್ಯನ್ನರಿಗೆ ಈ ಪದ ಗ್ರಂಥಗಳ ಮೂಲಕ ತಲುಪಿತು, ಮತ್ತು ಅವರ ಭಾಷೆಯಲ್ಲಿ ‘ವಿನೊಗ್ರಾದ್’ ಎಂದರೆ ತೋಟ ಹೋಗಿ ದ್ರಾಕ್ಷಿ ಹಣ್ಣು ಎಂದಾಯಿತು. ಬೇಲಿಯ ಹೆಸರು ಬೇಲಿಯೊಳಗೆ ಬೆಳೆದ ಹಣ್ಣಿಗೆ ದಾಟಿದ ಮೇಲೆ ತೋಟಕ್ಕೆ ಹೆಸರಿಲ್ಲದಂತಾಗಿ, ಅವರು ಅದೇ ಪದಕ್ಕೆ ಇನ್ನೊಂದು ಪ್ರತ್ಯಯ ಹಚ್ಚಿ ‘ವಿನೊಗ್ರಾದ್ನಿಕ್’ ಎಂದು ಮಾಡಿಕೊಂಡರು.